ಅಹಂಕಾರ ಕರಗಿಸುವ ಅಣಬೆ, ಅತ್ತೆಯ ಒಂದು ಪ್ರಶ್ನೆ

ಆಷಾಢದ ಮಳೆ ಹಿಡಿದ ಒಂದು ರಾತ್ರಿ ತೀರ್ಥಹಳ್ಳಿ ಸಮೀಪದ ಅತ್ತೆಯ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಮನೆಯ ಒಂದು ಭಾಗ ಈಗ ಹೋಂಸ್ಟೇ. ಬೆಂಗಳೂರಿನ ಅತಿಥಿಯೊಬ್ಬರು ನೆದರ್ಲೆಂಡ್ಸ್‌ನಲ್ಲಿ ಕೆಲವು ಅಣಬೆಗಳಲ್ಲಿರುವ, ಭ್ರಮೆ ಹುಟ್ಟಿಸುವ ಸೈಲೊಸೈಬಿನ್ ಎಂಬ ದ್ರವ್ಯ ಸೇವಿಸಿ ಬಂದ ಕತೆ ಹೇಳುತ್ತಿದ್ದರು. ‘ನಾನು’ ಎಂಬುದೇ ಕರಗಿತಂತೆ. ಅಂದಿನಿಂದ ಕೋಪ ಇಳಿದು ಎಲ್ಲರ ಮೇಲೂ ಕರುಣೆ ಹುಟ್ಟಿದೆಯಂತೆ. ಮಾತಿನ ಭರದಲ್ಲಿ ಉಂಡ ಎಲೆ ಎತ್ತದೆ ಎದ್ದು ಹೋದರು. ಅತ್ತೆ ಅದನ್ನು ಮಡಚಿ ಎತ್ತುತ್ತಾ, “ಕೋಪ ಇಳಿದದ್ದು ಹೌದೋ ಅಲ್ಲವೋ, ಅವರ ಹೆಂಡತಿಯನ್ನು ಕೇಳಬೇಕು ಮಾರಾಯ” ಎಂದರು.

ಬೇರು ಸೊಪ್ಪು ಸೇವಿಸಿ ಮೇಲೇರುವ ಆಸೆ ನಮ್ಮಲ್ಲಿ ಹಳೆಯದು. ಪತಂಜಲಿಯ ಯೋಗಸೂತ್ರ ಸಿದ್ಧಿಯ ಐದು ಮೂಲಗಳನ್ನು ಹೇಳುವಾಗ ಜನ್ಮದ ಬೆನ್ನಿಗೇ ಔಷಧಿಯನ್ನು ಇಡುತ್ತದೆ. ಮಂತ್ರ, ತಪಸ್ಸು, ಸಮಾಧಿ ಆಮೇಲೆ. ಆದರೆ ಅಲ್ಲಿ ಸಿಗುವುದು ಸಿದ್ಧಿ, ಸದ್ಗುಣವಲ್ಲ. ನಮ್ಮ ಬಳ್ಳಿಗಾವಿಯ ಅಲ್ಲಮನ ಎದುರು, ಕತ್ತಿ ಬಿದ್ದರೆ ಖಣಿಲೆನ್ನುವ ವಜ್ರಕಾಯದ ಗೋರಕ್ಷ ಸೋತದ್ದೂ ಇಲ್ಲಿಯೇ: ದೇಹ ಗಟ್ಟಿಯಾಗಿತ್ತು, ಅಹಂಕಾರವೂ ಅಷ್ಟೇ ಗಟ್ಟಿಯಾಗಿತ್ತು.

ಆಧುನಿಕ ಕತೆ ಶುರುವಾಗುವುದು 1943ರ ಏಪ್ರಿಲ್ 19ರಂದು, ಬಾಸೆಲ್‌ನ ರಸಾಯನತಜ್ಞ ಆಲ್ಬರ್ಟ್ ಹಾಫ್‌ಮನ್ ತಾನೇ ತಯಾರಿಸಿದ್ದ, ಅಂಥದೇ ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿಯನ್ನು ಬೇಕೆಂದೇ ಸೇವಿಸಿದಾಗ. ಐವತ್ತರ ದಶಕದಲ್ಲಿ ಕೆನಡಾದಲ್ಲಿ ಮನೋವೈದ್ಯ ಹಂಫ್ರಿ ಆಸ್ಮಂಡ್ ಅದನ್ನು ಕುಡಿತ ಬಿಡಿಸಲು ಬಳಸಿದರು. ಚಿಕಿತ್ಸೆಯಿಂದ ಚಾರಿತ್ರ್ಯಕ್ಕೆ ಜಿಗಿದದ್ದು ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಟಿಮೊಥಿ ಲಿಯರಿ. 1961ರಿಂದ 1963ರವರೆಗೆ ಅವರ ತಂಡ ಮ್ಯಾಸಚೂಸೆಟ್ಸ್‌ನ ಕಾನ್‌ಕಾರ್ಡ್ ಜೈಲಿನಲ್ಲಿ 32 ಕೈದಿಗಳಿಗೆ ಸೈಲೊಸೈಬಿನ್ ಕೊಟ್ಟಿತು. ಬಿಡುಗಡೆಯಾದವರು ಮತ್ತೆ ಜೈಲು ಸೇರುವುದು ಬಹಳ ಇಳಿಯಿತೆಂದು ಡಂಗುರ ಸಾರಿದ್ದೂ ಆಯಿತು.

1998ರಲ್ಲಿ ರಿಕ್ ಡಾಬ್ಲಿನ್ ಹಳೆಯ ದಾಖಲೆ ಕೆದಕಿದಾಗ ಹುಳುಕು ಹೊರಬಿತ್ತು. ಪ್ರಯೋಗಕ್ಕೊಳಗಾದವರನ್ನು ಲೆಕ್ಕ ಹಾಕಿದ್ದು ಬಿಡುಗಡೆಯಾದ ಸರಾಸರಿ ಹತ್ತು ತಿಂಗಳಿಗೆ. ಹೋಲಿಸಿದ್ದು ಉಳಿದ ಕೈದಿಗಳ ಮೂವತ್ತು ತಿಂಗಳ ಲೆಕ್ಕದೊಂದಿಗೆ. ಮಳೆಗಾಲ ಮುಗಿಯುವ ಮೊದಲೇ ಉದುರಿದ ಅಡಿಕೆ ಎಣಿಸಿ, ಈ ವರ್ಷ ಕೊಳೆರೋಗ ಕಡಿಮೆ ಎಂದ ಹಾಗೆ! ಡಾಬ್ಲಿನ್ ಈ ದ್ರವ್ಯಗಳ ಪರವಾಗಿಯೇ ವಾದಿಸುವವರು ಎಂಬುದು ಇಲ್ಲಿ ಮುಖ್ಯ. ಹೊರಬಂದವರಿಗೆ ಆಸರೆಯ ವ್ಯವಸ್ಥೆಯಿಲ್ಲದೆ ಗುಳಿಗೆಯೊಂದರಿಂದಲೇ ಕೆಲಸವಾಗದು ಎಂಬ ಕಡೆಗೇ ಅವರ ಬರಹವೂ ವಾಲುತ್ತದೆ. ನನಗಂತೂ ಲೆಕ್ಕದ ತಪ್ಪಿಗಿಂತ ಒಪ್ಪಿಗೆಯ ಪ್ರಶ್ನೆ ದೊಡ್ಡದು. ನಾಳೆ ಶಿವಮೊಗ್ಗದ ಸೋಗಾನೆಯ ಜೈಲಿಗೆ ಯಾರಾದರೂ ಇಂಥದೇ ಗುಳಿಗೆ ತಂದರೆ, ಪೆರೋಲ್‌ಗೆ ಕಾದಿರುವ ಕೈದಿ ‘ಬೇಡ’ ಎನ್ನಲು ಸಾಧ್ಯವೇ?

1971ರ ವಿಶ್ವಸಂಸ್ಥೆಯ ಒಪ್ಪಂದ ಇಂಥ ಸಂಶೋಧನೆಗೆ ಬಾಗಿಲು ಹಾಕಿತು. ಮತ್ತೆ ತೆರೆದದ್ದು 2006ರ ಜಾನ್ಸ್ ಹಾಪ್ಕಿನ್ಸ್ ಅಧ್ಯಯನ. ರೋಲಂಡ್ ಗ್ರಿಫಿತ್ಸ್ ಅವರ ತಂಡ 36 ಮಂದಿಗೆ ಸೈಲೊಸೈಬಿನ್ ಕೊಟ್ಟು ಪರೀಕ್ಷಿಸಿತು, ಮತ್ತು ಅತ್ತೆಯ ಪ್ರಶ್ನೆಯನ್ನೇ ಕೇಳಿತು: ಎರಡು ತಿಂಗಳ ಬಳಿಕ ಅವರ ಮನೆಯವರನ್ನೂ ಗೆಳೆಯರನ್ನೂ ಸಹೋದ್ಯೋಗಿಗಳನ್ನೂ ವಿಚಾರಿಸಿತು. ನಡತೆ ಸುಧಾರಿಸಿದೆ ಎಂದೇ ಅವರೂ ಹೇಳಿದರು, ಆದರೆ ಸುಧಾರಣೆ ಸಣ್ಣದು. ಭಾಗವಹಿಸಿದವರೂ ಓದಿಕೊಂಡವರು, ಮೊದಲೇ ಧ್ಯಾನ–ಪ್ರಾರ್ಥನೆಯ ರೂಢಿಯಿದ್ದವರು. ಹದ ಮಾಡಿದ ಮಣ್ಣಿನಲ್ಲಿ ಬೀಜ ಮೊಳೆತರೆ ಹೆಚ್ಚುಗಾರಿಕೆ ಯಾರದು?

ಔಷಧದಿಂದ ಒಳ್ಳೆಯತನ ಬರಿಸಬೇಕೇ ಎಂದು 2008ರ ಸುಮಾರಿಗೆ ತತ್ತ್ವಶಾಸ್ತ್ರಜ್ಞರೂ ಜಗಳಕ್ಕಿಳಿದರು. ಲೋಕವನ್ನು ನಾಶಮಾಡುವ ಶಕ್ತಿ ಮನುಷ್ಯನ ಕೈಗೆ ಬಂದಿದೆ, ಔಷಧದಿಂದಾದರೂ ಅವನು ಒಳ್ಳೆಯವನಾಗಲಿ ಎಂದರು ಇಂಗ್ಮಾರ್ ಪರ್ಸನ್ ಮತ್ತು ಜೂಲಿಯನ್ ಸವುಲೆಸ್ಕು. ತಪ್ಪುವ ಸ್ವಾತಂತ್ರ್ಯವಿಲ್ಲದ ಒಳ್ಳೆಯತನಕ್ಕೆ ಬೆಲೆಯೇನು ಎಂದರು ಜಾನ್ ಹ್ಯಾರಿಸ್. ದ್ರವ್ಯ ಸೇವಿಸಿದವನ ಪಕ್ಕದಲ್ಲಿ ಕೂತು ದಾರಿ ತೋರುವವನನ್ನು ಎರಡೂ ಕಡೆಯವರು ಮರೆತಂತಿದೆ. ಅಹಂಕಾರ ಸಡಿಲವಾದ ಹೊತ್ತಿನಲ್ಲಿ ಮನಸ್ಸು ಮೇಣ. ಅಮೆರಿಕದ ಪಂಥವೊಂದರ ನಾಯಕ ಚಾರ್ಲ್ಸ್ ಮ್ಯಾನ್ಸನ್ ತನ್ನ ಹಿಂಬಾಲಕರಿಗೆ ಕೊಟ್ಟದ್ದೂ ಎಲ್‌ಎಸ್‌ಡಿಯನ್ನೇ. 1969ರಲ್ಲಿ ಅವರು ಕೊಲೆ ಮಾಡಿದರು.

ನಮ್ಮಲ್ಲಿ ಮಾದಕ ದ್ರವ್ಯಗಳನ್ನು ನಿಷೇಧಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಎಲ್‌ಎಸ್‌ಡಿಯೂ ಇದೆ, ಸೈಲೊಸೈಬಿನ್ನೂ ಇದೆ. ಇದನ್ನೇ ಹೇಳೋಣವೆಂದು ಮರುದಿನ ಬೆಳಿಗ್ಗೆ ಅಂಗಳಕ್ಕಿಳಿದರೆ, ಅತಿಥಿ ಆಗಲೇ ದರಗಿನ ರಾಶಿಯಲ್ಲಿ ಎದ್ದಿದ್ದ ಬಿಳಿ ಅಣಬೆಯೊಂದರ ಫೋಟೋ ತೆಗೆಯುತ್ತಿದ್ದರು. “ಇದು ಯಾವ ಜಾತಿ?” ಎಂದು ಕೇಳಿದರು. ಅತ್ತೆ ಬಗ್ಗಿ ನೋಡಿದರು. “ಗೊತ್ತಿಲ್ಲ” ಎಂದು ಹೇಳಿ, ಕಾಲಿನಿಂದ ದರಗು ಎಳೆದು ಅದರ ಮೇಲೆ ಮುಚ್ಚಿದರು.