ಬ್ಯಾಕಪ್ ಡಿಸ್ಕು ಇದೆ, ಸರಿ. ಅಸಲು ಎಲ್ಲಿದೆ?

ಪೋರ್ಟಬಲ್ ಹಾರ್ಡ್ ಡಿಸ್ಕನ್ನು ನನ್ನ ಮೇಜಿನ ಮೇಲಿಟ್ಟು ಗ್ರಾಹಕರೊಬ್ಬರು ಹೇಳಿದರು: "ಸಾರ್, ಇದು ನನ್ನ ಬ್ಯಾಕಪ್ ಡಿಸ್ಕು. ಕೈಜಾರಿ ಬಿತ್ತು." ಕೇಬಲ್ ಸಿಕ್ಕಿಸಿದೆ. ಡಿಸ್ಕು ತಿರುಗಲು ಶುರುಮಾಡಿತು, ಟಕ್ ಎಂದಿತು, ಒಂದು ಗಳಿಗೆ ಸುಮ್ಮನಾಯಿತು, ಮತ್ತೆ ಟಕ್. ಒಳಗೆ ಮಾಹಿತಿ ಓದುವ ಹೆಡ್ಡು ತನ್ನ ಜಾಗ ಸಿಗದೆ ತಡಕಾಡುವ ಸದ್ದು ಅದು. ತಕ್ಷಣ ಕೇಬಲ್ ಕಿತ್ತೆ. ಅಂಥ ಡಿಸ್ಕನ್ನು ಓಡಿಸಿದಷ್ಟೂ ಹೆಡ್ಡು ಮಾಹಿತಿ ಇರುವ ತಟ್ಟೆಯನ್ನು ಕೆರೆಯುವ ಅಪಾಯ ಹೆಚ್ಚು. ಆಮೇಲೆ ಸಮಾಧಾನ ಹೇಳುವ ಧಾಟಿಯಲ್ಲೇ ಕೇಳಿದೆ: "ಬ್ಯಾಕಪ್ ಹೋದರೆ ಹೋಗಲಿ ಬಿಡಿ, ಅಸಲು ಇದೆಯಲ್ಲ?"

"ಅಸಲಾ? ಲ್ಯಾಪ್‌ಟಾಪಲ್ಲಿ ಜಾಗ ಸಾಲ್ತಿರಲಿಲ್ಲ ಸಾರ್. ಎಲ್ಲಾ ಇದಕ್ಕೆ ಹಾಕಿ ಅಲ್ಲಿ ಡಿಲೀಟ್ ಮಾಡ್ಬಿಟ್ಟೆ."

ಡೇಟಾ ರಿಕವರಿ, ಅಂದರೆ ಕೆಟ್ಟ ಡಿಸ್ಕಿನಿಂದ ಫೈಲು ಎತ್ತಿಕೊಡುವ ಕೆಲಸ, ಮಾಡುವ ನನ್ನಂಥವರಿಗೆ ಈ ಮಾತುಕತೆ ಬಾಯಿಪಾಠ. ಡಿಸ್ಕಿನ ಮೇಲೆ 'ಬ್ಯಾಕಪ್' ಎಂದು ದಪ್ಪಕ್ಷರದ ಸ್ಟಿಕರ್, ಒಳಗೆ ಇದ್ದದ್ದೊಂದೇ ಪ್ರತಿ. ಫೈಲು ಎರಡು ಕಡೆ ಇದ್ದರೆ ಅದರಲ್ಲೊಂದನ್ನು ಬ್ಯಾಕಪ್ ಎನ್ನಬಹುದು. ಇಲ್ಲಿಂದ ಎತ್ತಿ ಅಲ್ಲಿಗೆ ಹಾಕಿದರೆ ಅದು ಸಾಮಾನು ಸಾಗಿಸಿದ್ದು, ಅಷ್ಟೇ. ಅದೂ ಕೈಜಾರಿ ಬೀಳಬಹುದಾದ ಡಬ್ಬಿಗೆ.

ಹೊಸದಾಗಿ ಬ್ಯಾಕಪ್ ಶುರುಮಾಡಲು ಹೊರಟವರು ಯಾವ ಡಿಸ್ಕ್ ತಗೊಳ್ಳಲಿ, ಯಾವ ಸಾಫ್ಟ್‌ವೇರ್ ಹಾಕಲಿ ಎಂದು ಕೇಳುತ್ತಾರೆ. ನಾನು ತಿರುಗಿ ಬೇರೆಯದನ್ನೇ ಕೇಳುತ್ತೇನೆ. ನಾಳೆ ಬೆಳಿಗ್ಗೆ ಈ ಕಂಪ್ಯೂಟರ್ ಆನ್ ಆಗದಿದ್ದರೆ ಮಧ್ಯಾಹ್ನದೊಳಗೆ ನಿಮಗೆ ಏನೇನು ಬೇಕೇಬೇಕು? ಏನು ಹೋದರೆ ಮತ್ತೆ ಎಲ್ಲಿಂದಲೂ ತರಲಾಗದು? ಮೊದಲನೆಯ ಪಟ್ಟಿ ಮನೆಯ ಕಂಪ್ಯೂಟರಿನಲ್ಲಿ ಹತ್ತಿಪ್ಪತ್ತು ಜಿಬಿ ದಾಟುವುದು ಅಪರೂಪ: ಲೆಕ್ಕದ ಶೀಟು, ಅರ್ಧ ಬರೆದಿಟ್ಟ ಪ್ರಬಂಧ, ಮೇಲ್, ಸ್ಕ್ಯಾನ್ ಮಾಡಿದ ಕಾಗದಪತ್ರ. ಎರಡನೆಯದು ಫೋಟೊ, ವಿಡಿಯೊ, ಧ್ವನಿಮುದ್ರಣಗಳ ರಾಶಿ. ಅದು ಟಿಬಿಗಳ ಲೆಕ್ಕ (ಸಾವಿರ ಜಿಬಿಗೆ ಒಂದು ಟಿಬಿ). ಇವೆರಡಕ್ಕೂ ಸೇರದ್ದು, ಅಂದರೆ ಮತ್ತೆ ಇಳಿಸಿಕೊಳ್ಳಬಹುದಾದ ಸಿನಿಮಾ, ಇನ್‌ಸ್ಟಾಲರ್, ಗೇಮ್‌ಗಳಿಗೆ ಬ್ಯಾಕಪ್ಪೇ ಬೇಡ. ಏನೇನಿತ್ತು ಎಂಬ ಪಟ್ಟಿಯೊಂದಿದ್ದರೆ ಸಾಕು. ಎಷ್ಟೋ ಜನ ಈ ಮೂರನೆಯ ರಾಶಿಗೆ ಜಾಗ ಹುಡುಕುತ್ತಲೇ ಸುಸ್ತಾಗಿ ಉಳಿದೆರಡನ್ನು ಕೈಬಿಟ್ಟಿರುತ್ತಾರೆ.

ಮೊದಲ ಎರಡು ರಾಶಿಗಳಿಗೆ ಗಾತ್ರಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸವಿದೆ. ಲೆಕ್ಕದ ಶೀಟು ದಿನಾ ಬದಲಾಗುತ್ತದೆ. ಫೋಟೊಗಳ ರಾಶಿ ಬೆಳೆಯುತ್ತದೆ, ಬದಲಾಗುವುದಿಲ್ಲ. ಹತ್ತು ವರ್ಷದ ಹಿಂದೆ ತೆಗೆದ ಫೋಟೊ ಫೈಲು ಇವತ್ತು ತಾನಾಗಿ ಬದಲಾಗಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಎರಡಕ್ಕೂ ಒಂದೇ ಮದ್ದು ಹಚ್ಚಲು ಹೋದಾಗ ಬ್ಯಾಕಪ್ ಕೈಕೊಡುತ್ತದೆ.

ಬದಲಾಗುವ ಫೈಲಿಗೆ ಬೇಕಾದದ್ದು ಹಳೆಯ ಆವೃತ್ತಿಗಳು. ಸಾಲುಗಳನ್ನು ತಪ್ಪಾಗಿ ಸಾರ್ಟ್ ಮಾಡಿ ಸೇವ್ ಮಾಡಿದ ಶೀಟು ಎರಡು ತಿಂಗಳ ನಂತರ ಕಣ್ಣಿಗೆ ಬೀಳುತ್ತದೆ. ಅಷ್ಟರಲ್ಲಿ ನಿನ್ನೆಯ ಬ್ಯಾಕಪ್ಪಿನಲ್ಲೂ ಅದೇ ತಪ್ಪು ಕೂತಿರುತ್ತದೆ. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಇದೆಯಲ್ಲ ಎನ್ನುವವರಿಗೆ ಹೇಳುವುದು ಇಷ್ಟೇ: ಸಿಂಕ್ ಎನ್ನುವುದು ಕನ್ನಡಿ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲೂ ಕೆಡುತ್ತದೆ. ಅಳಿಸಿದ ಫೈಲನ್ನು ಅವು ಕಸದ ಬುಟ್ಟಿಯಲ್ಲಿ ಇಟ್ಟುಕೊಳ್ಳುವುದು ಮನೆಬಳಕೆಯ ಖಾತೆಗಳಲ್ಲಿ ಸಾಮಾನ್ಯವಾಗಿ 30 ದಿನ. ತಪ್ಪು ಗೊತ್ತಾಗುವುದು ಮೂವತ್ತೊಂದನೆಯ ದಿನ! ಮ್ಯಾಕ್‌ನಲ್ಲಿ 2007ರಿಂದ ಟೈಮ್ ಮಷೀನ್ ಇದೆ, ವಿಂಡೋಸ್ 8ರ ಜೊತೆ 2012ರಲ್ಲಿ ಫೈಲ್ ಹಿಸ್ಟರಿ ಬಂತು. ಎರಡೂ ಹಳೆಯ ಆವೃತ್ತಿಗಳನ್ನು ಉಳಿಸುತ್ತವೆ, ಬೇರೆ ದುಡ್ಡು ಕೇಳುವುದಿಲ್ಲ. ಇನ್ನೂ ಗಟ್ಟಿಯಾದದ್ದು ಬೇಕೆನ್ನುವವರಿಗೆ ಬೋರ್ಗ್, ರೆಸ್ಟಿಕ್‌ನಂಥ ತಂತ್ರಾಂಶಗಳಿವೆ. ಒಂದೇ ತುಣುಕು ನೂರು ಸಲ ಬಂದರೂ ಅವು ಒಂದೇ ಸಲ ಬರೆದುಕೊಳ್ಳುತ್ತವೆ, ಹಾಗಾಗಿ ತಿಂಗಳುಗಟ್ಟಲೆ ಆವೃತ್ತಿಗಳನ್ನು ಇಟ್ಟರೂ ಡಿಸ್ಕು ತುಂಬಿಹೋಗುವುದಿಲ್ಲ. ಸಣ್ಣ ರಾಶಿಯಾದ್ದರಿಂದ ಇದನ್ನು ಒಂದು ಮನೆಯ ಡಿಸ್ಕಿಗೂ ಒಂದು ಕ್ಲೌಡಿಗೂ ದಿನಾ ಕಳಿಸಬಹುದು. ಇಲ್ಲಿಗೆ ಮೊದಲ ರಾಶಿಯ ಕತೆ ಮುಗಿಯಿತು.

ದೊಡ್ಡ ರಾಶಿಯದೇ ಕಷ್ಟ. 4 ಟಿಬಿ ಸಂಗ್ರಹ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 120 ಎಂಬಿ ಬರೆಯುವ ಯುಎಸ್‌ಬಿ ಡಿಸ್ಕಿಗೆ ಕಾಪಿ ಮಾಡಲು ಒಂಬತ್ತು ಗಂಟೆ ಚಿಲ್ಲರೆ, ಅಂದರೆ ಒಂದು ರಾತ್ರಿ. ಅದೇ ರಾಶಿಯನ್ನು 20 ಎಂಬಿಪಿಎಸ್ (ಸೆಕೆಂಡಿಗೆ ಎರಡೂವರೆ ಎಂಬಿ) ಅಪ್‌ಲೋಡ್ ವೇಗದಲ್ಲಿ ಕ್ಲೌಡಿಗೆ ಏರಿಸಲು ಹಗಲು ರಾತ್ರಿ ಬಿಡದೆ ಹದಿನೆಂಟೂವರೆ ದಿನ ಬೇಕು. ಏರಿಸುವುದಾದರೂ ನಿಧಾನವಾಗಿ ಆಗಲಿ. ಬೇಕಾದ ದಿನ ಇಳಿಸಿಕೊಳ್ಳುವುದಕ್ಕೂ ಅಷ್ಟೇ ತಾಳ್ಮೆ ಬೇಕಲ್ಲ? ಕೆಲವು ಸೇವೆಗಳು ಹೊರಗಿನಿಂದ ಸಿಕ್ಕಿಸುವ ಡಿಸ್ಕನ್ನು ಇಂತಿಷ್ಟು ದಿನ ಸಿಕ್ಕಿಸದೆ ಬಿಟ್ಟರೆ ಅದರ ಬ್ಯಾಕಪ್ಪನ್ನೇ ತೆಗೆದುಹಾಕುತ್ತವೆ, ಷರತ್ತುಗಳನ್ನು ಓದಿಕೊಳ್ಳಿ. ಸೇವೆಯೇ ನಿಂತುಹೋಗುವುದೂ ಉಂಟು: ಮನೆಬಳಕೆದಾರರ ನಡುವೆ ಹೆಸರಾಗಿದ್ದ ಕ್ರ್ಯಾಶ್‌ಪ್ಲಾನ್ 2017ರಲ್ಲಿ ತನ್ನ ಮನೆಬಳಕೆಯ ಸೇವೆ ನಿಲ್ಲಿಸುವುದಾಗಿ ಘೋಷಿಸಿತು. ಅಷ್ಟು ವರ್ಷ ಏರಿಸಿ ಬೇರೆ ಕಡೆಗೆ ಹೋದವರು ಮತ್ತೆ ಮೊದಲಿನಿಂದ ಏರಿಸಬೇಕಾಯಿತು. ಹಾಗಾಗಿ ದೊಡ್ಡ ಸಂಗ್ರಹಕ್ಕೆ ನಾನು ಹೇಳುವುದು ಹಳೇ ಕಾಲದ ಉಪಾಯ. ಎರಡು ಡಿಸ್ಕು, ಒಂದು ನಿಮ್ಮಲ್ಲಿ, ಇನ್ನೊಂದು ನಂಬಿಕಸ್ಥರ ಮನೆಯಲ್ಲಿ. ಎರಡು ತಿಂಗಳಿಗೊಮ್ಮೆ ಅದಲುಬದಲು.

ಈ ಡಿಸ್ಕುಗಳಿಗೆ ಫೈಲು ಹೇಗೆ ಹೋಗಬೇಕು ಎಂಬಲ್ಲಿ ನನ್ನದು ಸ್ವಲ್ಪ ಹಟ. ಮಿರರ್ ಬೇಡ. ವಿಂಡೋಸಿನ ಕಾಪಿ ಸಲಕರಣೆಯಾದ ರೋಬೊಕಾಪಿಯಲ್ಲಿ ಮಿರರ್ ಆಯ್ಕೆ ಕೊಟ್ಟರೆ ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಎರಡನೆಯ ಕಡೆಯಿಂದ ಅಳಿಸುತ್ತದೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ಕಾಪಿಗೆ ಬಳಸುವ ಆರ್‌ಸಿಂಕ್‌ನ ಡಿಲೀಟ್ ಆಯ್ಕೆಯೂ ಅದೇ. ಒಬ್ಬರು ಹೊಸ ಡಿಸ್ಕು ತಂದು, ಇ ಮತ್ತು ಎಫ್ ಡ್ರೈವ್ ಅಕ್ಷರಗಳನ್ನು ಅದಲುಬದಲು ಮಾಡಿ ಎಂಟರ್ ಒತ್ತಿದ್ದರು. ಖಾಲಿ ಡಿಸ್ಕು ಮೂಲವಾಯಿತು, ತುಂಬಿದ ಡಿಸ್ಕು ಪ್ರತಿಯಾಯಿತು. ರೋಬೊಕಾಪಿ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತು: ತುಂಬಿದ್ದನ್ನೂ ಖಾಲಿ ಮಾಡಿತು. ಇಂಥದ್ದು ದೊಡ್ಡವರಿಗೂ ಆಗುತ್ತದೆ. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಿಂದ ಸುಮಾರು 77 ಟಿಬಿ ಸಂಶೋಧನಾ ದತ್ತಾಂಶ ಅಳಿಸಿಹೋಯಿತು. ಅಳಿಸಿದ್ದು ಬೇರಾರೂ ಅಲ್ಲ, ಬ್ಯಾಕಪ್ ಪ್ರೋಗ್ರಾಮೇ. ಹಳೆಯ ಲಾಗ್ ಫೈಲುಗಳನ್ನು ಮಾತ್ರ ಅಳಿಸಬೇಕಿದ್ದ ಸ್ಕ್ರಿಪ್ಟನ್ನು, ಅದು ಓಡುತ್ತಿರುವಾಗಲೇ ಹೊಸ ಆವೃತ್ತಿಯಿಂದ ಬದಲಾಯಿಸಿದ್ದರು. ಅರ್ಧದಾರಿಯಲ್ಲಿ ಅದಕ್ಕೆ ಯಾವ ಫೋಲ್ಡರ್ ಎಂಬುದೇ ತಪ್ಪಿಹೋಯಿತು.

ಬದಲಾಗದ ಸಂಗ್ರಹಕ್ಕೆ ಹೊಸದನ್ನು ಸೇರಿಸುವ ಕಾಪಿ ಸಾಕು, ಅಳಿಸುವ ಅಧಿಕಾರ ಪ್ರೋಗ್ರಾಮಿಗೆ ಬೇಡ. ನಾಲ್ಕಾರು ಬೇಡದ ಫೋಟೊ ಬ್ಯಾಕಪ್ಪಿನಲ್ಲಿ ಉಳಿದರೆ ಏನೂ ಮುಳುಗುವುದಿಲ್ಲ. ಅದರ ಜೊತೆಗೆ ಪ್ರತಿ ಫೈಲಿನ ಚೆಕ್‌ಸಮ್, ಅಂದರೆ ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ಇರುವ ಪಟ್ಟಿಯೊಂದನ್ನು ಮಾಡಿಡಿ. ಎಸ್‌ಎಚ್‌ಎ-256 ಎಂಬ ಬಗೆಯ ಚೆಕ್‌ಸಮ್ ಲೆಕ್ಕ ಹಾಕುವ ಸಲಕರಣೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದ್ದೇ ಇದೆ. ವರ್ಷಕ್ಕೊಮ್ಮೆ ಡಿಸ್ಕಿನ ಫೈಲುಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿದರೆ ಯಾವುದು ಸದ್ದಿಲ್ಲದೆ ಕೆಟ್ಟಿದೆ ಎಂದು ತಿಳಿಯುತ್ತದೆ. ಫೈಲು ಇದ್ದೂ ತೆರೆಯದೆ ಹೋಗುವುದು, ಇಲ್ಲವೇ ಫೋಟೊದ ಕೆಳಗಿನ ಅರ್ಧ ಬೂದಿಬಣ್ಣಕ್ಕೆ ತಿರುಗುವುದು, ನನಗೆ ವಾರಕ್ಕೊಂದಾದರೂ ಸಿಗುತ್ತದೆ. ತಾಳೆ ನೋಡದ ಬ್ಯಾಕಪ್ಪು ಅದನ್ನೂ ಪ್ರಾಮಾಣಿಕವಾಗಿ ನಕಲು ಮಾಡಿಕೊಂಡಿರುತ್ತದೆ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇಲ್ಲೊಂದು ಕಿವಿಮಾತು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫಾರ್ಮ್ಯಾಟಿನ ಡಿಸ್ಕುಗಳು 'ಕೋ' ಎಂಬಲ್ಲಿರುವ ಓತ್ವವನ್ನು ಒಂದೇ ಯೂನಿಕೋಡ್ ಸಂಕೇತವಾಗಿ ಇಡದೆ ಮೂರಾಗಿ ಬಿಡಿಸಿ ಬರೆಯುತ್ತವೆ. ಕಣ್ಣಿಗೆ ಎರಡೂ ಒಂದೇ, ಕಾಪಿ ಮಾಡುವ ಪ್ರೋಗ್ರಾಮಿಗೆ ಬೇರೆ ಬೇರೆ ಹೆಸರು. ಅಂಥ ಡಿಸ್ಕಿನಿಂದ ಲಿನಕ್ಸಿಗೆ ಕಾಪಿ ಮಾಡಿದಾಗ 'ಫೋಟೊ' ಎಂಬ ಫೋಲ್ಡರು ಎರಡೆರಡು ಸಲ ಕಾಣಿಸಿಕೊಂಡರೆ ದೆವ್ವವಲ್ಲ, ಇದೇ. ಆರ್‌ಸಿಂಕ್‌ನಲ್ಲಿ ಇದಕ್ಕೆಂದೇ ಐಕಾನ್ವ್ ಎಂಬ ಆಯ್ಕೆಯಿದೆ.

3-2-1 ಸೂತ್ರವನ್ನು ನೀವು ಕೇಳಿರುತ್ತೀರಿ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಹೊರಗೆ. ಅದನ್ನು ಜನಪ್ರಿಯ ಮಾಡಿದ್ದು ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ, ದೊಡ್ಡ ಸಂಗ್ರಹದ ಕಷ್ಟ ಉಂಡವರು. ಅದರಲ್ಲಿ 'ಎರಡು ಬಗೆ' ಎಂಬುದನ್ನು ಡಿವಿಡಿಯ ಕಾಲದ ಅರ್ಥದಲ್ಲಿ ಹಿಡಿದುಕೊಳ್ಳಬೇಕಿಲ್ಲ. ಎರಡೂ ಪ್ರತಿ ಒಂದೇ ಕಾರಣಕ್ಕೆ ಒಟ್ಟಿಗೆ ಸಾಯಬಾರದು ಎಂದು ನಾನು ಓದಿಕೊಳ್ಳುತ್ತೇನೆ. ಒಂದೇ ದಿನ ಕೊಂಡ ಒಂದೇ ಮಾದರಿಯ ಎರಡು ಡಿಸ್ಕು, ಒಂದೇ ಯುಎಸ್‌ಬಿ ಹಬ್‌ಗೆ ಸಿಕ್ಕಿಸಿದ್ದು: ಸಂಖ್ಯೆಯಲ್ಲಿ ಎರಡು, ವಿದ್ಯುತ್ ಏರಿಳಿತಕ್ಕೆ ಒಂದೇ. 'ಒಂದು ಹೊರಗೆ' ಎಂಬುದೂ ಹಾಗೆಯೇ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ, ಅಸಲೂ ಬ್ಯಾಕಪ್ಪೂ ಅಲ್ಲೇ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಇನ್ನು ಸದಾ ಸಿಕ್ಕಿಸಿಯೇ ಇಟ್ಟ ಬ್ಯಾಕಪ್ ಡಿಸ್ಕು. ಅನುಕೂಲ ನಿಜ, ಆದರೆ ಫೈಲುಗಳನ್ನು ಒತ್ತೆ ಇಟ್ಟುಕೊಂಡು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಹೊಕ್ಕರೆ ಕಂಪ್ಯೂಟರಿಗೆ ಕಾಣುವ ಡ್ರೈವ್‌ಗಳಿಗೆಲ್ಲ ಬೀಗ ಹಾಕುತ್ತಾ ಹೋಗುತ್ತದೆ. ನೆಟ್‌ವರ್ಕ್ ಫೋಲ್ಡರುಗಳನ್ನೂ ಬಿಡುವುದಿಲ್ಲ. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈ, ವಿಂಡೋಸ್ ತಾನೇ ಇಟ್ಟುಕೊಂಡ ಹಳೆಯ ಪ್ರತಿಗಳನ್ನೂ ಅಳಿಸಿ ಹಾಕುತ್ತಿತ್ತು. ಎರಡು ಡಿಸ್ಕಿನಲ್ಲಿ ಒಂದಾದರೂ ಕೇಬಲ್ ಬಿಚ್ಚಿ ಕಪಾಟಿನಲ್ಲಿರಲಿ.

ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ವ್ಯವಸ್ಥೆ) ಹಾಕಿಸಿದ್ದೇನೆ, ಬ್ಯಾಕಪ್ ಯಾಕೆ ಎಂದು ಕೇಳುವವರೂ ಬರುತ್ತಾರೆ. ಒಂದು ಡಿಸ್ಕು ಸತ್ತರೆ ಕೆಲಸ ನಿಲ್ಲದಿರಲಿ ಎಂದು ರೇಡ್ ಇರುವುದು. ನೀವು ಅಳಿಸಿದ ಫೈಲನ್ನು ಅದು ಎಲ್ಲ ಡಿಸ್ಕಿನಿಂದಲೂ ಅದೇ ಕ್ಷಣ ಅಳಿಸುತ್ತದೆ.

ಕಪಾಟಿನಲ್ಲಿ ವರ್ಷಗಟ್ಟಲೆ ಇಡುವ ಪ್ರತಿಗೆ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕು, ಬೇಡ ಎನ್ನುತ್ತೇನೆ. ಅದರಲ್ಲಿ ಮಾಹಿತಿ ನಿಲ್ಲುವುದು ವಿದ್ಯುದಾವೇಶದ ರೂಪದಲ್ಲಿ, ಅದು ನಿಧಾನವಾಗಿ ಸೋರುತ್ತದೆ. ಬರೆದು ಬರೆದು ಆಯುಷ್ಯ ಮುಗಿಸಿದ ಮನೆಬಳಕೆಯ ಎಸ್‌ಎಸ್‌ಡಿ, ವಿದ್ಯುತ್ ಇಲ್ಲದೆ 30 ಡಿಗ್ರಿ ಶಾಖದಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟರೆ ಸಾಕು ಎಂಬುದು ಚಿಪ್ ಉದ್ಯಮದ ಜೆಡೆಕ್ ಸಂಸ್ಥೆಯ ಮಾನದಂಡ. ಹೊಸತು ಇದಕ್ಕಿಂತ ಬಹಳ ಹೆಚ್ಚು ತಾಳುತ್ತದೆ, ಆದರೂ ಕಪಾಟಿಗೆ ತಿರುಗುವ ಡಿಸ್ಕೇ ಅಗ್ಗ ಮತ್ತು ವಾಸಿ. ನನ್ನ ಕಸುಬಿನವರಿಗೆ ಇನ್ನೊಂದು ಕಾರಣವೂ ಇದೆ: ಎಸ್‌ಎಸ್‌ಡಿಯಲ್ಲಿ ಅಳಿಸಿದ್ದನ್ನು ಟ್ರಿಮ್ ಎಂಬ ವ್ಯವಸ್ಥೆ ಸ್ವಲ್ಪ ಹೊತ್ತಿನಲ್ಲೇ ನಿಜವಾಗಿ ಗುಡಿಸಿಬಿಡುತ್ತದೆ, ಆಮೇಲೆ ನಮ್ಮ ಹತ್ತಿರ ತಂದರೂ ಸಿಗುವುದು ಸೊನ್ನೆ. ಡಿಸ್ಕನ್ನು ಯಾವುದಕ್ಕೆ ಫಾರ್ಮ್ಯಾಟ್ ಮಾಡಬೇಕು ಎಂದರೆ, ಫ್ಯಾಟ್32 ಅಂತೂ ಬೇಡ. 4 ಜಿಬಿಗಿಂತ ದೊಡ್ಡ ವಿಡಿಯೊ ಅದರಲ್ಲಿ ಕೂರುವುದೇ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕೆಲಸ ಉಳಿಯುತ್ತದೆ, ಮತ್ತು ಅದನ್ನು ಯಾರೂ ಮಾಡುವುದಿಲ್ಲ: ಬ್ಯಾಕಪ್ಪಿನಿಂದ ವಾಪಸ್ ತಂದು ನೋಡುವುದು. 2017ರ ಜನವರಿ 31ರಂದು, ತಂತ್ರಾಂಶ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿದರು. ಅವರಲ್ಲಿ ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಿದ್ದವು, ಒಂದೂ ಸರಿಯಾಗಿ ಕೆಲಸಕ್ಕೆ ಬರಲಿಲ್ಲ ಎಂದು ಕಂಪನಿಯೇ ಬರೆದುಕೊಂಡಿತು. ದಿನದ ಬ್ಯಾಕಪ್ ವಿಫಲವಾಗುತ್ತಲೇ ಇತ್ತು. ವಿಫಲವಾಯಿತು ಎಂದು ಹೇಳುವ ಮೇಲ್‌ಗಳೂ ತಲುಪುತ್ತಿರಲಿಲ್ಲ. ಆರು ಗಂಟೆ ಮೊದಲು ಒಬ್ಬರು ಬೇರೇನಕ್ಕೋ ಕೈಯಾರೆ ತೆಗೆದಿಟ್ಟ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಪ್ರತಿ, ಮಾನ ಉಳಿಸಿತು. ವೃತ್ತಿಪರರದೇ ಈ ಪಾಡು.

ಮನೆಯಲ್ಲಿ ಮಾಡಬೇಕಾದದ್ದು ಅರ್ಧ ಗಂಟೆಯ ಕೆಲಸ. ಮೂರು ವರ್ಷ ಹಳೆಯದೊಂದು ಫೋಲ್ಡರ್, ಹೋದ ತಿಂಗಳ ಒಂದು ಫೈಲಿನ ಹಿಂದಿನ ಆವೃತ್ತಿ, ಒಂದು ದೊಡ್ಡ ವಿಡಿಯೊ, ಈ ಮೂರನ್ನು ಬೇರೆ ಕಂಪ್ಯೂಟರಿಗೆ ತಂದು ತೆರೆದು ನೋಡಿ. ಬೇರೆಯದಕ್ಕೇ ತರಬೇಕು, ಯಾಕೆಂದರೆ ನಿಜವಾದ ದಿನ ನಿಮ್ಮ ಕಂಪ್ಯೂಟರ್ ಇರುವುದಿಲ್ಲ.

ಮೊದಲು ಹೇಳಿದೆನಲ್ಲ, ಆ ಬಿದ್ದ ಡಿಸ್ಕಿಗೆ ಹೆಡ್ ಬದಲಾಯಿಸಿ ಮುಕ್ಕಾಲು ಪಾಲು ಫೋಟೊ ಎತ್ತಿದೆವು. ಫೋಲ್ಡರುಗಳೂ ಹೆಸರುಗಳೂ ಸಿಗಲಿಲ್ಲ. ಸಾವಿರಾರು ಫೈಲು, ಬರೀ ನಂಬರು. ತಾರೀಖು ಯಾವುದು, ಊರು ಯಾವುದು ಎಂದು ಅವರು ಈಗಲೂ ಒಂದೊಂದಾಗಿ ವಿಂಗಡಿಸುತ್ತಿದ್ದಾರೆ. ಅವರಿಗೆ ಎರಡು ಡಿಸ್ಕಿನ ಪದ್ಧತಿ ಹೇಳಿಕೊಟ್ಟು, ಇಷ್ಟು ಉಪದೇಶ ಮಾಡಿದವನು ನಾನೇ ಮಾಡಿ ನೋಡಿ ಎಷ್ಟು ದಿನವಾಯಿತು ಎಂದು ಅದೇ ಭಾನುವಾರ ನನ್ನ ಬ್ಯಾಕಪ್ಪನ್ನು ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆಯಲು ಕೂತೆ. ಎನ್‌ಕ್ರಿಪ್ಟ್ ಮಾಡಿದ ಬ್ಯಾಕಪ್ಪು, ಪಾಸ್‌ವರ್ಡ್ ಕೇಳಿತು. ದಿನಾ ಬಳಸುವ ಕಂಪ್ಯೂಟರ್ ಅದನ್ನು ನೆನಪಿಟ್ಟುಕೊಂಡಿತ್ತು, ನಾನು ಇಟ್ಟುಕೊಂಡಿರಲಿಲ್ಲ. ಉದ್ದದ ಪಾಸ್‌ವರ್ಡನ್ನು ಒಂದು ಫೈಲಿನಲ್ಲಿ ಬರೆದಿಟ್ಟದ್ದು ಮಾತ್ರ ಚೆನ್ನಾಗಿ ನೆನಪಿತ್ತು. ಆ ಫೈಲು ಆ ಬ್ಯಾಕಪ್ಪಿನ ಒಳಗೇ ಇತ್ತು. ದಿನಾ ಬಳಸುವ ಆ ಕಂಪ್ಯೂಟರ್ ಇನ್ನೂ ಬದುಕಿದ್ದರಿಂದ ಅಲ್ಲಿಂದ ಅದನ್ನು ಕಾಗದದ ಮೇಲೆ ಇಳಿಸಿಕೊಂಡೆ. ಎರಡು ಕಾಗದ, ಒಂದು ನನ್ನ ಕಪಾಟಿನಲ್ಲಿ, ಒಂದು ಎರಡನೆಯ ಡಿಸ್ಕು ಇರುವ ಮನೆಯಲ್ಲಿ.