ಲೆಕ್ಕಕ್ಕುಂಟು, ಆಟಕ್ಕಿಲ್ಲ

ಕುವೆಂಪುನಗರದಲ್ಲಿ ನಮ್ಮ ಪಕ್ಕದ ಮನೆ ಹುಡುಗಿ ಒಂಬತ್ತನೇ ಕ್ಲಾಸು. ಹೋದ ಭಾನುವಾರ ಅವರ ಮನೆಗೆ ಹೋದಾಗ ಹಳೇ ಮದುವೆ ಕಾರ್ಡೊಂದರ ಹಿಂಬದಿಯಲ್ಲಿ ಏನೋ ಗೀಚುತ್ತಾ, ಗೀಚಿದ್ದನ್ನು ಹೊಡೆದುಹಾಕುತ್ತಾ ಕೂತಿದ್ದಳು. ಅವರಜ್ಜಿ ಅವರೆಕಾಯಿ ಸುಲಿಯುತ್ತಲೇ ಕೇಳಿದರು: “ಬೆಳಗ್ಗೆಯಿಂದ ಅದೊಂದೇ ಲೆಕ್ಕಾನಾ? ಬರಲ್ವೇನೇ ನಿಂಗೆ?”

“ಬರಲ್ಲ ಅಜ್ಜಿ. ಅದಕ್ಕೇ ಮಾಡ್ತಿರೋದು.”

ಒಳಗಿಂದ ಪಿಯು ಓದುವ ಅಣ್ಣನ ದನಿ ಬಂತು: “ಬಿಡಜ್ಜಿ, ಅದೊಂದು ಕುಡುಮಿ.”

ಈ ಕಡೆಯ ಶಾಲೆ ಕಾಲೇಜುಗಳಲ್ಲಿ ಓದಿದವರಿಗೆ ಆ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಸೋಡಾಬುಡ್ಡಿ ಕನ್ನಡಕ, ಎಣ್ಣೆ ಹಾಕಿ ಬಾಚಿದ ತಲೆ, ಮೊದಲ ಬೆಂಚು, ಬ್ಯಾಟ್ ಹಿಡಿಯಲು ಬಾರದ ಕೈ, ಎಲ್ಲವೂ ಆ ಮೂರಕ್ಷರದೊಳಗೆ ಬಂತು. ತಮಿಳಿನಲ್ಲಿ ಕುಡುಮಿ ಎಂದರೆ ಜುಟ್ಟು. ಅಗ್ರಹಾರದ ಜಗಲಿಯಲ್ಲಿ ಕೂತು ಉರು ಹೊಡೆಯುತ್ತಿದ್ದ ಜುಟ್ಟಿನ ಹುಡುಗನ ಚಿತ್ರವೇ ಈ ಅಡ್ಡಹೆಸರಿನ ಮೂಲ ಎಂಬುದು ನನ್ನ ಊಹೆ. ಊಹೆ ಸರಿಯಿದ್ದರೆ ತಮಾಷೆ ನೋಡಿ: ಉರು ಹೊಡೆಯುವವನಿಗೆ ಇಟ್ಟ ಹೆಸರು, ಉರು ಹೊಡೆದು ಎಳ್ಳಷ್ಟೂ ಪ್ರಯೋಜನವಿಲ್ಲದ ಕೆಲಸಕ್ಕೆ ಕೂತವಳಿಗೆ ಅಂಟಿಕೊಂಡಿದೆ. ಗಣಿತ ಸ್ಪರ್ಧೆಯ ಗೀಳು ಹತ್ತಿದ ಮಕ್ಕಳ ಬಗ್ಗೆ ನಾವಾಡುವ ಮಾತುಗಳ ಚರಿತ್ರೆಯೇ ಇಂಥದ್ದು. ಬೇರೆ ಯಾರದೋ ಅಳತೆಗೆ ಹೊಲಿದ ಅಂಗಿಗಳನ್ನೆಲ್ಲ ಇವರಿಗೆ ತೊಡಿಸುತ್ತಾ ಬಂದಿದ್ದೇವೆ.

ಮೊದಲ ಅಂಗಿ ಶಾನುಭೋಗರದು. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಲೆಕ್ಕವೆಂದರೆ ಕಂದಾಯದ ಲೆಕ್ಕ, ಅದೂ ಅಪ್ಪನಿಂದ ಮಗನಿಗೆ ಇಳಿಯುವ ಹುದ್ದೆ. ಅಂಥ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಲೆಕ್ಕ ಬಲ್ಲವನ ಮೇಲಿನ ಗುಮಾನಿ ಮಾತ್ರ ಉಳಿಯಿತು. “ಅವನದೆಲ್ಲ ಬರೀ ಲೆಕ್ಕಾಚಾರ” ಎಂದು ಈಗಲೂ ನಾವು ಯಾರನ್ನೂ ಹೊಗಳುವುದಿಲ್ಲ. ಗಣಿತದ ಹುಡುಗ ಒಣಕಲು, ಜನರ ಜೊತೆ ಬೆರೆಯಲಾರ ಎಂಬ ಮಾತಿನಲ್ಲಿ ಆ ಹಳೇ ಕಡತದ ವಾಸನೆ ಇದ್ದೇ ಇದೆ.

ಅದಕ್ಕೂ ಬಹಳ ಹಿಂದೆ ಇದೇ ನೆಲದಲ್ಲಿ ಲೆಕ್ಕ ರಸಿಕರ ವಿಷಯವಾಗಿತ್ತು. 9ನೇ ಶತಮಾನದಲ್ಲಿ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯ, 12ನೇ ಶತಮಾನದಲ್ಲಿ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯ, ಅದೇ ಶತಮಾನದ ಭಾಸ್ಕರಾಚಾರ್ಯ. ಭಾಸ್ಕರಾಚಾರ್ಯರ ಗಣಿತಗ್ರಂಥ ‘ಲೀಲಾವತಿ’ಯ ದುಂಬಿಗಳನ್ನೇ ನೋಡಿ: ಹಿಂಡಿನ ಐದನೇ ಒಂದು ಪಾಲು ಕದಂಬಕ್ಕೆ ಹೋಯಿತು, ಮೂರನೇ ಒಂದು ಪಾಲು ಶಿಲೀಂಧ್ರಕ್ಕೆ, ಇವೆರಡರ ವ್ಯತ್ಯಾಸದ ಮೂರು ಪಟ್ಟು ಕುಟಜಕ್ಕೆ, ಉಳಿದ ಒಂದು, ಕೇದಿಗೆ ಮಾಲತಿಗಳ ಪರಿಮಳದ ನಡುವೆ ಎತ್ತ ಹೋಗಲೆಂದು ತಿಳಿಯದೆ ಗಾಳಿಯಲ್ಲೇ ಸುತ್ತುತ್ತಿದೆ. ಒಟ್ಟು ಹದಿನೈದು ದುಂಬಿ. ಇದರಿಂದ ಯಾವ ಕಂದಾಯವೂ ವಸೂಲಾಗದು.

ಗಣಿತಕ್ಕೆ ರ್‍ಯಾಂಕು ಅಂಟಿದ್ದು ಕೇಂಬ್ರಿಜ್ ಕಡೆಯಿಂದ. ಅಲ್ಲಿನ ಟ್ರೈಪಾಸ್ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದವರು ‘ರ್‍ಯಾಂಗ್ಲರ್’ಗಳು. 1899ರಲ್ಲಿ ಆರ್.ಪಿ. ಪರಾಂಜಪೆ ಅವರಲ್ಲೂ ಮೊದಲ ಸ್ಥಾನಕ್ಕೆ ಬಂದರು, ನಮ್ಮ ಡಿ.ಸಿ. ಪಾವಟೆಯವರೂ ರ್‍ಯಾಂಗ್ಲರ್. ಆ ಬಿರುದು ಹೆಸರಿನ ಹಿಂದೆ ರಾವ್ ಬಹದ್ದೂರ್ ಥರ ಕೂತಿರುತ್ತಿತ್ತು. ಸ್ಥಾನವಾರು ಪಟ್ಟಿ ಓದುವುದನ್ನು ಕೇಂಬ್ರಿಜ್ 1909ಕ್ಕೇ ನಿಲ್ಲಿಸಿತು. ನಾವಿನ್ನೂ ನಿಲ್ಲಿಸಿಲ್ಲ.

ಮೈಸೂರಿಗೆ ಹೆಚ್ಚು ಹತ್ತಿರದ ಅಂಗಿ ಶಕುಂತಲಾ ದೇವಿಯವರದು. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ, ಸರ್ಕಸ್ ಕಲಾವಿದನ ಮಗಳು, ಆರರ ವಯಸ್ಸಿಗೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಬಾಯಿಲೆಕ್ಕ ಮಾಡಿ ತೋರಿಸಿದರು. 1977ರಲ್ಲಿ ಅಮೆರಿಕದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಬೆರಗಾಗದೆ ಇರುವುದು ಹೇಗೆ? ಆದರೆ ಆ ಬೆರಗು ಒಂದು ತಪ್ಪು ಅಳತೆಯನ್ನೂ ಬಿಟ್ಟುಹೋಯಿತು. ಗಣಿತ ಬರುತ್ತದೆ ಎಂದರೆ ಥಟ್ಟನೆ ಬರಬೇಕು. ನೆಂಟರ ಮನೆಯಲ್ಲಿ “ಗಣಿತದಲ್ಲಿ ಚುರುಕಂತೆ, ಎಲ್ಲಿ, ಹದಿನೇಳು ಇಪ್ಪತ್ಮೂರ್ಲೆ ಎಷ್ಟು ಹೇಳು” ಎಂದು ಕೇಳಿಸಿಕೊಳ್ಳದ, ಒಲಿಂಪಿಯಾಡ್ ಎಂಬ ಗಣಿತ ಸ್ಪರ್ಧೆಗೆ ಕೂರುವ ಮಗು ಇರಲಾರದು. ಹೇಳಲು ತಡವಾದರೆ “ಅಷ್ಟೇನಾ” ಎಂಬ ನಗು ಬೇರೆ.

ಒಲಿಂಪಿಯಾಡ್‌ನ ಬೇರು ಇರುವುದೇ ಬೇರೆ ಕಡೆ. ಹಂಗೇರಿಯಲ್ಲಿ 1894ರಲ್ಲಿ ಶಾಲೆ ಮುಗಿಸಿದ ಹುಡುಗರಿಗೆ ಒಂದು ಗಣಿತ ಸ್ಪರ್ಧೆ ಶುರುವಾಯಿತು. ಅದೇ ಪರಂಪರೆಯ ಮುಂದುವರಿಕೆಯಾಗಿ 1959ರಲ್ಲಿ ರೊಮೇನಿಯಾದಲ್ಲಿ ಏಳು ದೇಶಗಳ ಮಕ್ಕಳು ಕೂಡಿ ಅಂತರರಾಷ್ಟ್ರೀಯ ಒಲಿಂಪಿಯಾಡ್ ನಡೆಯಿತು. ಭಾರತದ ತಂಡ ಮೊದಲು ಹೋದದ್ದು 1989ರಲ್ಲಿ. 1996ರಲ್ಲಿ ಮುಂಬೈಯಲ್ಲೇ ನಡೆಯಿತು. 2024ರಲ್ಲಿ ಇಂಗ್ಲೆಂಡಿನ ಬಾತ್‌ನಲ್ಲಿ ನಮ್ಮ ಆರು ಮಕ್ಕಳು ನಾಲ್ಕು ಚಿನ್ನ ತಂದು, ದೇಶ ನಾಲ್ಕನೇ ಸ್ಥಾನಕ್ಕೆ ಬಂತು. ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ದಿನಕ್ಕೆ ಮೂರೇ ಪ್ರಶ್ನೆ. ಒಂದಕ್ಕೆ ಒಂದೂವರೆ ಗಂಟೆ, ಅಂದರೆ ಮಂಡ್ಯದಿಂದ ಬೆಂಗಳೂರಿಗೆ ಹೋಗುವಷ್ಟು ಹೊತ್ತು, ಟ್ರಾಫಿಕ್ ಕೈಹಿಡಿದರೆ.

ಹುಡುಗಿಯ ಮದುವೆ ಕಾರ್ಡಿನ ಮೇಲಿದ್ದ ಪ್ರಶ್ನೆ ಇದು: 1ರಿಂದ 100ರೊಳಗೆ ಯಾವ 51 ಸಂಖ್ಯೆ ಆರಿಸಿದರೂ, 1ನ್ನು ಬಿಟ್ಟು ಬೇರೆ ಯಾವುದರಿಂದಲೂ ಒಟ್ಟಿಗೆ ಭಾಗವಾಗದ ಎರಡು ಸಂಖ್ಯೆ ಅದರಲ್ಲಿ ಸಿಕ್ಕೇ ಸಿಗುತ್ತವೆ. ಯಾಕೆ? ಹಂಗೇರಿಯ ಗಣಿತಜ್ಞ ಪಾಲ್ ಏರ್ಡೆಶ್ ಇದೇ ಬಗೆಯ ಪ್ರಶ್ನೆಯನ್ನು 1959ರಲ್ಲಿ ಊಟಕ್ಕೆ ಕೂತಾಗ ಲಾಯೊಷ್ ಪೋಶಾ ಎಂಬ ಹುಡುಗನಿಗೆ ಕೇಳಿದ್ದರು. ಅವನು ಸೂಪು ಕುಡಿಯುತ್ತಲೇ ಉತ್ತರ ಕೊಟ್ಟ. ಇವಳಿಗೆ ಎರಡು ದಿನ ಹಿಡಿಯಿತು. ಉಪಾಯ ಒಂದೇ: 1-2, 3-4, 5-6 ಎಂದು ಜೋಡಿ ಕಟ್ಟುತ್ತಾ ಹೋದರೆ 50 ಜೋಡಿ. ಐವತ್ತು ಸೀಟಿನ ಬಸ್ಸಿಗೆ 51 ಜನ ಹತ್ತಿ, ಯಾರೂ ನಿಲ್ಲುವಂತಿಲ್ಲ ಎಂದರೆ (ಮಂಡ್ಯ ಬಸ್ಸಿನಲ್ಲಿ ಇದು ಕಷ್ಟದ ಕಲ್ಪನೆ, ಒಪ್ಪುತ್ತೇನೆ) ಒಂದು ಸೀಟಿನಲ್ಲಾದರೂ ಇಬ್ಬರು ಕೂರಲೇಬೇಕು. ಹಾಗೆ ಒಟ್ಟಿಗೆ ಕೂತವು ಅಕ್ಕಪಕ್ಕದ ಸಂಖ್ಯೆಗಳು. ಎರಡನ್ನೂ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಭಾಗಿಸಬೇಕು, ವ್ಯತ್ಯಾಸವೋ ಒಂದೇ. ಮುಗಿಯಿತು. ಇಲ್ಲಿ ಮಗ್ಗಿ ಎಲ್ಲಿದೆ, ಸೂತ್ರ ಎಲ್ಲಿದೆ?

ನಿಧಾನ ಎಂಬುದು ಇಲ್ಲಿ ಕುಂದಲ್ಲ. ಇರಾನಿನ ಮರಿಯಂ ಮಿರ್ಜಾಖಾನಿ 1994, 1995ರ ಒಲಿಂಪಿಯಾಡ್‌ಗಳಲ್ಲಿ ಚಿನ್ನ ಗೆದ್ದು, ಎರಡನೆಯದರಲ್ಲಿ ಪೂರ್ತಿ 42 ಅಂಕ ಪಡೆದು, 2014ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದರು. ತಾನು ನಿಧಾನ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಹುಡುಗಿಯರ ವಿಷಯಕ್ಕೆ ಬಂದರೆ ನಮ್ಮ ಇಬ್ಬಂದಿತನ ಕೈಗೇ ಸಿಗುತ್ತದೆ. ಶಕುಂತಲಾ ದೇವಿಯನ್ನು ಹಾಡಿ ಹೊಗಳಿದ ಬಾಯಲ್ಲೇ “ಹೆಣ್ಮಕ್ಕಳಿಗೆ ಗಣಿತ ಒಗ್ಗಲ್ಲ” ಎನ್ನುತ್ತೇವೆ. ಆಕೆ ಪವಾಡ, ಪವಾಡ ಲೆಕ್ಕಕ್ಕೆ ಬರುವುದಿಲ್ಲ. ಯುರೋಪಿನಲ್ಲಿ ಹುಡುಗಿಯರಿಗೆಂದೇ 2012ರಲ್ಲಿ ಒಲಿಂಪಿಯಾಡ್ ಶುರುವಾಗಿ, ಕೆಲವೇ ವರ್ಷಗಳಲ್ಲಿ ಭಾರತದಿಂದಲೂ ತಂಡ ಹೋಗತೊಡಗಿತು.

ಈಗಿನ ಅಂಗಿ ಸಿಇಟಿ ಹೊಲಿದದ್ದು. ಕರ್ನಾಟಕದಲ್ಲಿ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದ ಮೇಲೆ ಗಣಿತ ಎಂದರೆ ಇಂಜಿನಿಯರಿಂಗ್ ಸೀಟು, ಸೀಟು ಎಂದರೆ ಸರ್ಕಲ್ಲಿನಲ್ಲಿ ಫೋಟೊ ಹಾಕಿದ ಫ್ಲೆಕ್ಸು. ಜೊತೆಗೆ ಒಲಿಂಪಿಯಾಡ್ ಎಂಬ ಪದವೇ ಮಾರಾಟಕ್ಕೆ ಬಂತು. ಶಾಲೆಯಲ್ಲೇ ದುಡ್ಡು ಕಟ್ಟಿಸಿಕೊಂಡು, ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿಸಿ, ಎಲ್ಲರಿಗೂ ಪದಕ ಕೊಡುವ ಪರೀಕ್ಷೆಗಳಿಗೂ ಅದೇ ಹೆಸರು. 2025ರಿಂದ ಕಾನ್ಪುರದ ಐಐಟಿ ಒಲಿಂಪಿಯಾಡ್ ಸಾಧನೆ ನೋಡಿಯೂ ಪ್ರವೇಶ ಕೊಡತೊಡಗಿದೆ. ಮಕ್ಕಳಿಗೆ ಒಳ್ಳೆಯದೇ. ಆದರೆ “ಇದರಿಂದ ಏನು ಪ್ರಯೋಜನ” ಎಂದು ಕೇಳುತ್ತಿದ್ದವರು ಇನ್ನು ಮುಂದೆ “ಯಾವ ಕೋಚಿಂಗಿಗೆ ಸೇರಿಸಿದ್ದೀರಿ” ಎನ್ನುತ್ತಾರೆ. ಎರಡರಲ್ಲಿ ಯಾವುದು ಮೇಲೋ ನನಗೆ ತಿಳಿಯದು. ಬೀದಿಯಾಟದಲ್ಲಿ ಚಿಕ್ಕವರನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುತ್ತಿದ್ದೆವಲ್ಲ, ಈ ಗಣಿತದ ಮಕ್ಕಳದು ಅದರ ತಿರುವುಮುರುವು.

ಅವರೆಕಾಯಿ ಮುಗಿಸಿದ ಅಜ್ಜಿ ಮೊರ ಪಕ್ಕಕ್ಕಿಟ್ಟು, “ನಾನೊಂದು ಕೇಳ್ತೀನಿ, ಬಿಡಿಸು” ಎಂದರು. ಅವರ ತವರು ಪಾಂಡವಪುರದ ಕಡೆ. ಅಲ್ಲಿ ಗದ್ದೆಯಲ್ಲಿ ಕಳೆ ಕೀಳುವಾಗ ಹೇಳುತ್ತಿದ್ದ ಒಗಟಂತೆ. ಹಾರಿ ಹೋಗುವ ಹಕ್ಕಿಗಳು ಮರದ ಮೇಲಿನ ಒಂಟಿ ಹಕ್ಕಿಗೆ ಅಂದವು: ನಾವಿರೋವಷ್ಟು, ಇನ್ನೂ ಅಷ್ಟು, ಅದರರ್ಧ, ಅರ್ಧದಲ್ಲರ್ಧ, ನೀನೂ ಬಂದರೆ ನೂರು. ನಾವೆಷ್ಟು?

“ಮೂವತ್ತಾರು!” ಒಳಗಿಂದ ಅಣ್ಣ ಕೂಗಿದ.

“ಹೇಗೋ?” ಎಂದಳು ಇವಳು.

“ಹಾಕ್ಕೊಂಡ್ ನೋಡ್ದೆ, ಬಂತು.”

“ಬೇರೆ ಯಾವ ಸಂಖ್ಯೆನೂ ಬರಲ್ಲ ಅಂತ ಹೆಂಗೆ ಗೊತ್ತು?”

ಒಳಗೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಅಣ್ಣ ಪೆನ್ನು ಹಿಡಿದು ಹೊರಗೆ ಬಂದ.