ಲಿಂಕರ್ ತಡೆಯದ ಬದಲಾವಣೆ

ಸಕ್ಕರೆ ಕಾರ್ಖಾನೆಯ ಕಾಟಾಕ್ಕೆ ಲೆಕ್ಕದ ಪೆಟ್ಟಿಗೆ ಮಾಡಿಕೊಡುವ ಬೆಳಗಾವಿಯ ಹುಡುಗರು ಹಳೆಯ 32 ಬಿಟ್ ಆರ್ಮ್ ಪ್ರೊಸೆಸರ್ ಬೋರ್ಡಿಗೆ ಡೆಬಿಯನ್ ಎಂಬ ಲಿನಕ್ಸ್‌ನ ಹೊಸ ಆವೃತ್ತಿ ಹಾಕಿದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: “ಬೂಟ್ ಆತಲ್ರೀ ಸರ, ನಮ್ಮ ಪ್ರೋಗ್ರಾಮೂ ಓಡಾಕತ್ತೈತಿ. ಇನ್ನೇನ್ ಟೆಸ್ಟ್ ಮಾಡೂದೈತ್ರಿ?”

ಓಡುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಹಳೆಯ ಬೈನರಿಗಳು ಓಡಲಿ ಎಂದೇ ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಗ್ಲಿಬ್‌ಸಿ ಹಳೆಯ ಫಂಕ್ಷನ್‌ಗಳನ್ನು ಉಳಿಸಿಕೊಂಡಿದೆ.

ಬದಲಾಗಿರುವುದು ಎಬಿಐ, ಅಂದರೆ ಕಂಪೈಲ್ ಆದ ಮೇಲೆ ಪ್ರೋಗ್ರಾಮು, ಲೈಬ್ರರಿ, ಕರ್ನಲ್ ತಮ್ಮೊಳಗೆ ಪಾಲಿಸುವ ಕರಾರು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಆರ್ಮ್‌ನಲ್ಲಿ ಸಮಯ ಇಡುವ ಡೇಟಾ ಮಾದರಿ ‘ಟೈಮ್-ಟಿ’ 4 ಬೈಟ್‌ನಿಂದ 8 ಬೈಟ್‌ಗೆ ಏರಿತು. 1970ರಿಂದ ಸೆಕೆಂಡು ಎಣಿಸುವ 32 ಬಿಟ್ ಗಡಿಯಾರ 2038ರ ಜನವರಿ 19ರಂದು ನಮ್ಮ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿ, ಮರುಕ್ಷಣ 1901ರ ಡಿಸೆಂಬರ್‌ಗೆ ಜಾರುತ್ತದೆ. ಅದಕ್ಕಾಗಿ ಈ ಬದಲಾವಣೆ.

ಆರ್ಮ್‌ಗೆ ಎಬಿಐ ಬದಲಾವಣೆ ಹೊಸದೇನಲ್ಲ. 2013ರ ಡೆಬಿಯನ್ 7ರಲ್ಲಿ ಹಾರ್ಡ್-ಫ್ಲೋಟ್ ಬಂದಾಗ ದಶಮಾಂಶ ಸಂಖ್ಯೆಗಳು ಸಾಮಾನ್ಯ ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಖಾನೆ) ಬಿಟ್ಟು ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್‌ನಲ್ಲಿ ಹೋಗತೊಡಗಿದವು. ಆದರೆ ಆಗ ಕಂಪೈಲ್ ಆಗಿ ಬಂದ ಪ್ರತಿ ಆಬ್ಜೆಕ್ಟ್ ಫೈಲಿನಲ್ಲೂ ಅದು ಯಾವ ಬಗೆಯದೆಂಬ ಗುರುತು ಇತ್ತು. ಎರಡನ್ನು ಬೆರೆಸಿದರೆ ಆ ಫೈಲುಗಳನ್ನು ಜೋಡಿಸುವ ಲಿಂಕರ್ ಜಗಳ ತೆಗೆಯುತ್ತಿತ್ತು, ಪ್ರೋಗ್ರಾಮನ್ನು ಮೆಮರಿಗೆ ತರುವ ಲೋಡರ್‌ನ ಹೆಸರೂ ಬೇರೆ. ಟೈಮ್-ಟಿಗೆ ಅಂಥ ಗುರುತೇ ಇಲ್ಲ. ತೂಕದ ಸೆನ್ಸರ್ ಮಾರಿದವರು ಎಂದೋ ಕೊಟ್ಟ ಲೈಬ್ರರಿ ಹೊಸ ಪ್ರೋಗ್ರಾಮಿಗೆ ತುಟಿಪಿಟಕ್ಕೆನ್ನದೆ ಲಿಂಕ್ ಆಗುತ್ತದೆ. ಅದು 4 ಬೈಟ್ ಬರೆಯುತ್ತದೆ, ನೀವು 8 ಓದುತ್ತೀರಿ.

ನನಗೆ ಹೆಚ್ಚು ಕುತೂಹಲದ್ದು ಸಿ ಭಾಷೆಯ ಮುದ್ರಿಸುವ ಫಂಕ್ಷನ್ ಪ್ರಿಂಟ್‌ಎಫ್‌ನ ಪ್ರಕರಣ. ಸಮಯವನ್ನು 32 ಬಿಟ್‌ನ ‘ಲಾಂಗ್’ ಎಂದು ಭಾವಿಸಿ ‘ಪರ್ಸೆಂಟ್ ಎಲ್‌ಡಿ’ಯಿಂದ ಮುದ್ರಿಸುವ ಸಾಲು ಹಳೆಯ ಕೋಡಿನ ತುಂಬ ಇರುತ್ತದೆ. ಆರ್ಮ್‌ನ ಎಬಿಐ ಆದ ಇಎಬಿಐ ಪ್ರಕಾರ 64 ಬಿಟ್ ಮೌಲ್ಯ ಸಮಸಂಖ್ಯೆಯ ರಿಜಿಸ್ಟರ್‌ನಿಂದಲೇ ಶುರುವಾಗಬೇಕು. ಫಾರ್ಮ್ಯಾಟ್ ಆರ್0 ಎಂಬ ರಿಜಿಸ್ಟರ್‌ನಲ್ಲಿ ಕೂತರೆ ಆರ್1 ಖಾಲಿ ಉಳಿದು, ಸಮಯ ಆರ್2, ಆರ್3ಕ್ಕೆ ಹೋಗುತ್ತದೆ. ಪ್ರಿಂಟ್‌ಎಫ್ ಮಾತ್ರ ಆರ್1ರಲ್ಲಿ ಬಿದ್ದಿದ್ದ ಕಸವನ್ನೇ ಸಮಯವೆಂದು ಮುದ್ರಿಸುತ್ತದೆ. ಅದೇ ಸಾಲು 32 ಬಿಟ್ ಇಂಟೆಲ್‌ನಲ್ಲಿ, 8 ಬೈಟ್ ಟೈಮ್-ಟಿ ಇಟ್ಟುಕೊಂಡರೂ, ಸ್ಟ್ಯಾಕ್ ಎಂಬ ಮೆಮರಿಯಲ್ಲಿರುವ ಸಮಯದ ಕೆಳಗಿನ ಅರ್ಧವನ್ನು ಓದಿ, ಅದೃಷ್ಟಕ್ಕೆ ಸರಿ ಉತ್ತರ ಕೊಡುತ್ತದೆ. ಆದ್ದರಿಂದ ಪಿಸಿಯಲ್ಲಿ ಪಾಸಾದ ಟೆಸ್ಟನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇನ್ನೊಂದು ಡಿಸ್ಕ್ ಮೇಲಿನ ದಾಖಲೆ. ಗಾಡಿ ಸಂಖ್ಯೆ, ಸಮಯ, ತೂಕ, ಈ ಮೂರನ್ನು ಒಂದು ಸ್ಟ್ರಕ್ಟ್‌ನಲ್ಲಿಟ್ಟು ಹಾಗೇ ಫೈಲಿಗೆ ಬರೆದಿದ್ದರೆ ಹಿಂದೆ ದಾಖಲೆಯೊಂದು 12 ಬೈಟ್ ಇತ್ತು. ಈಗ 16 ಆಗುತ್ತದೆ ಎಂದುಕೊಂಡರೆ ತಪ್ಪು. ಸಮಯ 8ರ ಗುಣಕದ ಜಾಗದಲ್ಲೇ ಶುರುವಾಗಬೇಕೆಂಬ ಅಲೈನ್‌ಮೆಂಟ್‌ಗಾಗಿ ನಡುವೆ 4, ಕೊನೆಗೆ 4 ಬೈಟ್ ಖಾಲಿ ಸೇರಿ 24 ಆಗುತ್ತದೆ. ಹೋದ ಹಂಗಾಮಿನ ಫೈಲನ್ನು ಹೊಸ ಪ್ರೋಗ್ರಾಮಿನಲ್ಲಿ ತೆರೆದರೆ ಕಬ್ಬಿನ ತೂಕದ ಜಾಗದಲ್ಲಿ ಮುಂದಿನ ಗಾಡಿಯ ಸಮಯ ಬಂದು ಕೂರುತ್ತದೆ. ರೈತರ ಬಿಲ್ಲಿನ ವಿಷಯ, ನಗಾಡುವಂಥದ್ದಲ್ಲ. ನನ್ನ ಮೊದಲ ಟೆಸ್ಟ್ ಯಾವಾಗಲೂ ಇದೇ: ಹಳೆಯ ಫೈಲು, ಹೊಸ ಬೈನರಿ.

ಕಂಪೈಲರ್ ಎಚ್ಚರಿಕೆಗಳನ್ನು ಎರರ್ ಮಾಡಿಕೊಳ್ಳಿ, ಘೋಷಿಸದ ಫಂಕ್ಷನ್ ಬಗೆಗಿನದನ್ನಂತೂ ಖಂಡಿತ. 64 ಬಿಟ್ ಫಂಕ್ಷನ್‌ಗೆ ದಾರಿ ತಿರುಗಿಸುವುದು ಫಂಕ್ಷನ್ ಘೋಷಣೆಗಳಿರುವ ಹೆಡರ್ ಫೈಲು, ಹೆಡರ್ ಮರೆತರೆ ಕರೆ ಹಳೆಯದಕ್ಕೇ ಹೋಗುತ್ತದೆ. ಆಮೇಲೆ ನೆಟ್‌ವರ್ಕ್ ಕಿತ್ತ ಬೋರ್ಡಿನಲ್ಲಿ ಗಡಿಯಾರವನ್ನು 2038ಕ್ಕೆ ತಿರುಗಿಸಿ ಆ ಕ್ಷಣ ದಾಟಿಸಿ. ನೆಟ್‌ವರ್ಕ್ ಇದ್ದರೆ ಭದ್ರತಾ ಸರ್ಟಿಫಿಕೇಟುಗಳು ಅವಧಿ ಮುಗಿದಿದೆ ಎಂದು ಗಲಾಟೆ ಎಬ್ಬಿಸಿ ನಿಜವಾದ ದೋಷವನ್ನು ಮುಚ್ಚಿಬಿಡುತ್ತವೆ.

ಬೋರ್ಡಿನಲ್ಲಿ 64 ಬಿಟ್ ಓಡಿಸಬಲ್ಲ ಕಾರ್ಟೆಕ್ಸ್-ಎ53 ಪ್ರೊಸೆಸರ್ ಇದ್ದರೆ ಇಷ್ಟೆಲ್ಲ ಬೇಡ, 64 ಬಿಟ್ ಸಿಸ್ಟಮ್ಮಿಗೇ ಹೋಗಿ. ಬೀಗಲ್‌ಬೋನ್ ಬ್ಲ್ಯಾಕ್‌ನಂಥ 32 ಬಿಟ್ ಬೋರ್ಡಿನವರಿಗೆ ಆ ದಾರಿ ಇಲ್ಲ. ಸೆನ್ಸರ್ ಲೈಬ್ರರಿಯ ಸೋರ್ಸ್ ಸಿಗದಿದ್ದರೆ ಅದನ್ನು ಹಳೆಯ ಡೆಬಿಯನ್ನಿನ ಬೇರೆ ಪ್ರೋಸೆಸ್‌ನಲ್ಲೇ ಇಟ್ಟು, ತೂಕವನ್ನು ಪೈಪ್ ಮೂಲಕ ಬರೀ ಅಕ್ಷರರೂಪದಲ್ಲಿ ತರಿಸಿಕೊಳ್ಳಿ. ಸಮಯದ ಮುದ್ರೆ ಮಾತ್ರ ಹೊಸ ಪ್ರೋಗ್ರಾಮೇ ಹಾಕಲಿ.